ಬೇರೆಯವಳ ಹೊಲಿಗೆ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕಂದು ಬಣ್ಣದ ಗೆರೆಯೊಂದು ಕೂತುಬಿಟ್ಟಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಬಾಡಿಗೆಗೆ ಕೋಣೆ ಕೇಳಿಕೊಂಡು ಹೋದ ದಿನ ಅದೇ ಕೈಯಲ್ಲಿ ನನಗೆ ನೀರು ಕೊಟ್ಟರು. ನಾನು ಉಗುರನ್ನೇ ನೋಡುತ್ತಿದ್ದುದು ಅವರಿಗೆ ತಿಳಿಯಿತು. "ಹಳೇ ಚರ್ಮಕ್ಕೆ ಎಣ್ಣೆ ಹಚ್ತೀನಿ. ಹೇಸಿಗೆ ಅನ್ಸಿದ್ರೆ ಈಗ್ಲೇ ಹೇಳ್ಬಿಡು ಮಾರಾಯ್ತಿ" ಎಂದರು.

ಐವತ್ತರ ದಶಕದ ಕೊನೆಯ ವರ್ಷಗಳು. ಭದ್ರಾವತಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಮದುವೆಯಾಗದ ಹೆಣ್ಣು, ಒಬ್ಬಳೇ ಇರುತ್ತೇನೆ ಎಂದರೆ ಯಾರೂ ಮನೆ ಕೊಡುತ್ತಿರಲಿಲ್ಲ. ಆಕೆ ಏನೊಂದೂ ವಿಚಾರಿಸದೆ ಕೋಣೆ ತೋರಿಸಿದರು. ಅಂದಿನಿಂದ ನನಗೆ ಅಕ್ಕ ಆದರು.

ಹಿತ್ತಲ ಕೋಣೆಯಲ್ಲಿ ಬಿದಿರಿನ ಗಳುವಿನ ಮೇಲೆ ಹಳೆಯ ಚರ್ಮದ ಜಾಕೆಟ್ಟುಗಳು ಸಾಲಾಗಿ ತೂಗುತ್ತಿದ್ದವು. ಫಟಫಟಿ ಓಡಿಸುವವರು ತೊಡುವಂಥವು. ಲಿಂಗಪೂಜೆ ಮಾಡುವ ಮನೆಯೊಳಗೆ ತೊಗಲು ಬರುವಂತಿರಲಿಲ್ಲ, ಹಾಗಾಗಿ ಅವಕ್ಕೆ ಹಿತ್ತಲು. ಅವನ್ನು ಮುಟ್ಟಿದ ಮೇಲೆ ಅಕ್ಕ ಮತ್ತೆ ಸ್ನಾನ ಮಾಡಿಯೇ ಪೂಜೆಗೆ ಕೂರುತ್ತಿದ್ದರು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಹರಳೆಣ್ಣೆ ಸವರಿ ಇಡುತ್ತಿದ್ದರು. ಕೇರಿಯವರು ಇದನ್ನೊಂದು ಹುಚ್ಚು ಎಂದುಕೊಂಡು ಸುಮ್ಮನಾಗಿದ್ದರು. ಯಾರೂ ಅವರ ಮನೆಗೆ ಅಷ್ಟಾಗಿ ಬರುತ್ತಿರಲಿಲ್ಲ.

ನಾನು ಹೋಗಿ ಸುಮಾರು ದಿನ ಕಳೆದ ಮೇಲೆ ಅಕ್ಕ ತಾವಾಗಿಯೇ ವಿಷಯ ಹೇಳಿದರು. ಅವರ ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ದೊಡ್ಡ ಯುದ್ಧ ಬಂದಾಗ ಮಿಲಿಟರಿ ಸೇರಿದರು. ಮೋಟಾರ್ ಸೈಕಲ್ ಮೇಲೆ ಒಂದು ಠಾಣ್ಯದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಅವರ ಕೆಲಸ. ಒಮ್ಮೆ ರಜೆಯ ಮೇಲೆ ಊರಿಗೆ ಬಂದಾಗ ಮೈಮೇಲೆ ಕಂದು ಚರ್ಮದ ಜಾಕೆಟ್ಟಿತ್ತು, ಎಡಗಂಕುಳಲ್ಲಿ ಹರಿದಿತ್ತು. ಅಕ್ಕ ಗೋಣಿ ಹೊಲಿಯುವ ದಬ್ಬಳ ತಂದು ಅದನ್ನು ಹೊಲಿದುಕೊಟ್ಟರು. ಮಾರನೆಯ ದಿನ ಗಂಡ ಅದನ್ನೇ ತೊಟ್ಟು ಹೋದರು. ಆಮೇಲೆ ಬರ್ಮಾ ಕಡೆ ಕಾಣೆಯಾದರೆಂದು ಮಿಲಿಟರಿಯವರು ತಿಳಿಸಿದರು. ಸತ್ತರೆಂದು ಯಾರೂ ಹೇಳಲಿಲ್ಲ.

ಯುದ್ಧ ಮುಗಿದ ಮೇಲೆ ಮಿಲಿಟರಿಯ ಹಳೆಯ ಮಾಲು ಊರೂರಿಗೆ ಬಂತು. ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ ಬೂಟು, ಕಂಬಳಿ, ನೀರಿನ ಬಾಟಲಿಗಳ ರಾಶಿ. ಆ ರಾಶಿಯಲ್ಲಿ ಚರ್ಮದ ಜಾಕೆಟ್ಟುಗಳೂ ಇವೆಯೆಂದು ಯಾರೋ ಹೇಳಿದ್ದೇ ತಡ, ಅಕ್ಕ ರೈಲು ಹತ್ತಿದರು. ಅಂದಿನಿಂದ ಹೋಗುತ್ತಲೇ ಇದ್ದರು. ಮೊದಮೊದಲು ಇದೇ ಇರಬಹುದು ಎಂದು ಮೋಸಹೋಗಿ ತಂದರಂತೆ. ಆಮೇಲೆ, ನೋಡಿದ್ದನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗದೆ ತಂದರಂತೆ.

ಹಾಗೆ ನೋಡಿ ನೋಡಿಯೇ ಅವರಿಗೆ ಗುರುತು ಹಿಡಿಯುವುದು ಬಂದಿತ್ತು. ಕುದುರೆಯ ಚರ್ಮ ಸವೆದಷ್ಟೂ ಮಿರುಗುತ್ತದೆ, ಮೇಕೆಯದರಲ್ಲಿ ಸಣ್ಣ ಸಣ್ಣ ಕಾಳಿನಂಥ ಉಬ್ಬುಗಳು ಕೈಗೆ ಸಿಗುತ್ತವೆ, ಕುರಿಯದು ಮೆತ್ತಗಿದ್ದರೂ ಬೇಗ ಹರಿಯುತ್ತದೆ. ಕಾಲರಿಗೆ ಉಣ್ಣೆ ಇದ್ದರೆ ವಿಮಾನದವರದು. ಜೇಬು ಓರೆಯಾಗಿದ್ದು, ತೋಳು ಮುಂದಕ್ಕೆ ಬಾಗಿದಂತೆ ಕತ್ತರಿಸಿದ್ದರೆ ಫಟಫಟಿಯವರದು. "ಎದೆ ಭಾಗ ಬಿಸಿಲು ಧೂಳಿಗೆ ಬಣ್ಣ ಹೋಗಿ, ಬೆನ್ನು ಹೊಸದಾಗೇ ಇದ್ರೆ, ತೊಟ್ಟೋನು ನಿಜವಾಗ್ಲೂ ಗಾಡಿ ಓಡಿಸಿದಾನೆ ಅಂತ ತಿಳ್ಕೋ" ಎಂದು ಒಮ್ಮೆ ತೋರಿಸಿಕೊಟ್ಟರು. ಇಂಗ್ಲಿಷ್ ಓದಲು ಬಾರದಿದ್ದರೂ ಜಿಪ್ಪಿನ ಮೇಲಿನ ಅಕ್ಷರಗಳ ಆಕಾರ ಅವರಿಗೆ ಬಾಯಿಪಾಠದಂತೆ ಗೊತ್ತಿತ್ತು.

ಒಂದು ರಜೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಗುಜರಿ ಅಂಗಡಿಯ ಸಾಹೇಬರು ಒಳಗಿನಿಂದ ಒಂದು ಕಂದು ಜಾಕೆಟ್ಟು ತಂದು, ಎಡತೋಳನ್ನು ಮೇಲೆತ್ತಿ, "ಅಮ್ಮಾ, ಇದೊಂದ್ಸಲ ನೋಡಿ" ಎಂದರು. ಕಂಕುಳಲ್ಲಿ ಕೈಹೊಲಿಗೆ ಇತ್ತು.

ಅಕ್ಕ ಅದನ್ನು ಬೀದಿಯ ಬೆಳಕಿಗೆ ಒಯ್ದರು. ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದರು, ತಿರುಗಿಸಿ ಒಳಗೂ ನೋಡಿದರು. ಕೊನೆಗೆ ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಇದು ನಂದಲ್ಲ. ನಂದು ಅಡ್ಡಾದಿಡ್ಡಿ ಹೊಲಿಗೆ. ಇದನ್ನ ಹೊಲಿದೋಳು ಬಹಳ ನಾಜೂಕಿನವಳು."

ಸಾಹೇಬರು ಚಹಾ ತರಿಸಿದರು. ಅಕ್ಕ ಕುಡಿಯಲಿಲ್ಲ. ಜಾಕೆಟ್ಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. "ಇಲ್ಲೇ ಬಿಟ್ರೆ ಯಾರಾದ್ರೂ ಕತ್ತರಿಸಿ ಚಪ್ಪಲಿ ಮಾಡ್ಕೊಳ್ತಾರೆ. ಅವಳು ಎಲ್ಲೆಲ್ಲಿ ಹುಡುಕ್ತಿದಾಳೋ ಏನೋ" ಎಂದರು. ರೈಲು ಭದ್ರಾವತಿ ಹತ್ತಿರ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿ ಹೇಳಿದರು. "ನಂದಲ್ಲ ಅಂತ ಗೊತ್ತಾದಾಗ ಸಮಾಧಾನ ಆಯ್ತು ಕಣೇ. ಇಷ್ಟು ವರ್ಷ ಹುಡುಕಿದ್ದು ಸಿಗದೇ ಇರ್ಲಿ ಅಂತ್ಲೇನಾ?"

ಆಮೇಲೆ ಅವರು ಗುಜರಿ ಅಂಗಡಿಗೆ ಹೋಗಲಿಲ್ಲ.

ಚೀನಾ ಯುದ್ಧ ಬಂದಾಗ ಊರಿನಲ್ಲಿ ಸೈನಿಕರಿಗಾಗಿ ಬೆಚ್ಚನೆಯ ಬಟ್ಟೆ ಕೂಡಿಸುತ್ತಿದ್ದರು. ಹಿಮದಲ್ಲಿ ಹುಡುಗರು ತೆಳು ಬಟ್ಟೆಯಲ್ಲಿ ನಿಂತಿದ್ದಾರೆಂದು ರೇಡಿಯೋ ಕೇಳಿದವರು ಬಂದು ಹೇಳಿದರು. ಅಕ್ಕ ಗಳುವಿನ ಮೇಲಿದ್ದ ಜಾಕೆಟ್ಟುಗಳನ್ನೆಲ್ಲ ಇಳಿಸಿದರು. ಹೊಲಿಗೆ ಬಿಟ್ಟ ಕಡೆ ಹೊಲಿದು, ಒರೆಸಿ, ಜಟಕಾದಲ್ಲಿ ಹೇರಿಸಿ ಕಳಿಸಿದರು. ಆ ನಾಜೂಕು ಹೊಲಿಗೆಯದೊಂದನ್ನು ಮಾತ್ರ ಕೊಡಲಿಲ್ಲ. ಅದನ್ನೂ ಕೊಡಬಹುದಲ್ಲ ಎಂದೆ. "ಬೇರೆಯವಳದ್ದನ್ನ ಕೊಡೋಕೆ ನಾನ್ಯಾರು?" ಎಂದರು.

ಬರಿದಾದ ಕೋಣೆಯಲ್ಲಿ ಸಂಜೆ ಹೊತ್ತು ಅವರು ಸುಮ್ಮನೆ ಕೂತಿರುತ್ತಿದ್ದರು. ನಾನು ಕೆಲಸದಿಂದ ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ನನ್ನ ಒಂಟಿತನವನ್ನು ಯಾರಿಗೂ ವಿವರಿಸಬೇಕಿಲ್ಲದ ಜಾಗ ನನ್ನ ಬಾಳಿನಲ್ಲಿ ಅದೊಂದೇ ಇತ್ತು. ನನಗೆ ಶಿವಮೊಗ್ಗಕ್ಕೆ ವರ್ಗವಾದಾಗ ಅಕ್ಕ ಆ ಜಾಕೆಟ್ಟನ್ನು ನನ್ನ ಕೈಗಿಟ್ಟು, ಯಾರಾದರೂ ಕೇಳಿಕೊಂಡು ಬಂದರೆ ಕೊಡು ಎಂದರು. ಈವರೆಗೂ ಯಾರೂ ಬಂದಿಲ್ಲ.

ಅವರು ತೀರಿಕೊಂಡ ಸುದ್ದಿ ಕೇಳಿ ಬಸ್ಸು ಹಿಡಿದು ಹೋದೆ. ಸ್ನಾನ ಮಾಡಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಳೆಯ ಬಳೆಗಳನ್ನು ತೆಗೆದಿದ್ದರು. ಮುಂದೇನು ಎಂದು ತೋಚದೆ ಹೆಂಗಸರು ದೂರ ನಿಂತಿದ್ದರು. ಅಕ್ಕನ ಮೈದುನ ನನ್ನನ್ನು ಕಂಡು ಹತ್ತಿರ ಬಂದು, "ಮುತ್ತೈದೆ ಅಂತ ಕಳಿಸ್ಬೇಕಾ ಬೇಡ್ವಾ, ನಮಗೆ ತಿಳೀತಿಲ್ಲ. ನೀವು ಜೊತೆಗಿದ್ದೋರು, ನಿಮಗೇನಾದ್ರೂ ಹೇಳಿದ್ರಾ?" ಎಂದು ಕೇಳಿದ.

ಅಕ್ಕ ನನಗೆ ಏನೂ ಹೇಳಿರಲಿಲ್ಲ. "ಹಸಿರು ಬಳೆ ತರಿಸಿ" ಎಂದೆ.

ತೊಡಿಸಿದವಳೂ ನಾನೇ. ಕೈ ಸೆಟೆದಿತ್ತು, ಮೊದಲಿನವು ಒಡೆದುಹೋದವು. ಇನ್ನೊಂದಷ್ಟು ತರಿಸಿ, ಮಣಿಕಟ್ಟಿಗೆ ಎಣ್ಣೆ ಸವರಿ, ಒಂದೊಂದಾಗಿ ಏರಿಸಿದೆ.