ಕೀಮೋ ಬೇಕೋ ಬೇಡವೋ ಎಂದು ನನ್ನನ್ನೇ ಕೇಳಿದರು

“ಕೀಮೋ ಕೊಟ್ಟುಬಿಡ್ರಿ, ಅದರಾಗ ಕೇಳೋದೇನೈತಿ?” ಎಂದರು ನಮ್ಮ ಯಜಮಾನರು. ಕೊಪ್ಪಳದ ಆಸ್ಪತ್ರೆಯ ಡಾಕ್ಟರಮ್ಮ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, “ನಾ ಅಕ್ಕಾರನ್ನ ಕೇಳೀನ್ರಿ. ನೀವೇನಂತೀರಿ?” ಎಂದರು.

ಕ್ಯಾನ್ಸರ್ ಗಡ್ಡೆಯೆಂದು ನನ್ನ ಎಡಸ್ತನ ತೆಗೆದಿದ್ದರು. ಗಾಯ ಆಗಷ್ಟೇ ಮಾಯ್ದಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದೆ. ಈಗ ಧೈರ್ಯ ಮಾಡಿ, “ತಗೊಂಡ್ರ ಎಷ್ಟು ಛಲೋರಿ, ಬಿಟ್ರ ಏನಾಗ್ತೈತ್ರಿ?” ಎಂದೆ.

ಅವರು ನಿಧಾನವಾಗಿ ವಿವರಿಸಿದರು. ಗಡ್ಡೆ ಸಣ್ಣದಿತ್ತು, ಕಂಕುಳಿಗೆ ಹಬ್ಬಿರಲಿಲ್ಲ, ಹಾರ್ಮೋನ್ ಗುಳಿಗೆಗೆ ಬಗ್ಗುವಂಥದು. ನನಗೆ ಕೀಮೋದಿಂದ ಸಿಗುವ ಹೆಚ್ಚಿನ ಲಾಭ ಸ್ವಲ್ಪವೇ, ತ್ರಾಸ ಮಾತ್ರ ಇದ್ದದ್ದೇ. ಆದರೆ ರೋಗ ಮತ್ತೆ ಬರುವುದೇ ಇಲ್ಲವೆಂದು ಯಾರೂ ಬರೆದುಕೊಡಲಾರರು ಎಂದರು. “ಗುಳಿಗಿ ಸಾಕ್ರಿ” ಎಂದೆ.

ಗಿಣಿಗೇರಾಕ್ಕೆ ಮರಳುವ ಬಸ್ಸಿನಲ್ಲಿ ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತರು. ಸಿಟ್ಟಾಗಿದ್ದಾರೆ ಅಂದುಕೊಂಡೆ. ಕಾರ್ಖಾನೆಯ ಕುಲುಮೆಯ ಮುಂದೆ ನಿಂತು ದುಡಿಯುವ ಮನುಷ್ಯ. ಅವರು ಅಂಜಿದ್ದನ್ನು ನಾನು ಕಂಡಿರಲಿಲ್ಲ. ಊರು ಹತ್ತಿರ ಬಂದಾಗ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: “ನನಗ ಭಾಳ ಅಂಜಿಕಿ ಆಗಿತ್ತು. ಎಲ್ಲಾ ಔಷಧಿ ಕೊಡ್ಲಿಲ್ಲಂದ್ರ ನೀ ಉಳಿಯಂಗಿಲ್ಲ ಅನಿಸ್ತು. ಅದಕ್ಕ ಹಂಗ ಅಂದೆ.” ನಾನು ಅವರ ಕೈ ಹಿಡಿದುಕೊಂಡೆ.

ವರ್ಷ ಕಳೆದಿದೆ, ಗುಳಿಗೆ ನಡೆದಿದೆ. ತಪಾಸಣೆಯ ದಿನ ಹತ್ತಿರ ಬಂದರೆ ಇಬ್ಬರಿಗೂ ಅಂಜಿಕೆಯಾಗುತ್ತದೆ. ಈಗ ಅದನ್ನು ಮುಚ್ಚಿಡುವುದಿಲ್ಲ. ಚಹಾ ಕುಡಿಯುತ್ತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.