ಕಿವಿ ಸೋರಿದರೆ ಸೋರಲಿ

ಅಜ್ಜಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಅವಳ ಮೈಯವೇ ಅಲ್ಲವೇನೋ ಎನ್ನುವಷ್ಟು ಕಂದಾಗಿದ್ದವು. ಸೀಗೆಪುಡಿ ಹಾಕಿ ಉಜ್ಜಿದರೂ ಆ ಬಣ್ಣ ಹೋಗುತ್ತಿರಲಿಲ್ಲ. ಮಳವಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ತನ್ನ ಮನೆಯ ಜಗಲಿಯ ಮೇಲೆ ಕೂತು, ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟ ಹೊಗೆಸೊಪ್ಪನ್ನು ಆ ಎರಡು ಬೆರಳಲ್ಲೇ ಹರಿದು ಕೊಡುತ್ತಿದ್ದಳು. ಪಕ್ಕದಲ್ಲಿ ಹೊಗೆಸೊಪ್ಪಿನ ಕಡ್ಡಿ ಕುಟ್ಟಿ ಮಾಡಿದ ಕಡ್ಡಿಪುಡಿಯ ತಗಡಿನ ಡಬ್ಬ. ಊರಿಗೆಲ್ಲ ಅವಳು ಹೊಗೆಸೊಪ್ಪಿನಜ್ಜಿ. ರಕ್ತಸಂಬಂಧ ಏನೂ ಇಲ್ಲದ ನನಗೆ ಬರೀ ಅಜ್ಜಿ.

ನಾನು ಕೊತ್ತತ್ತಿಯಿಂದ ಮಳವಳ್ಳಿಗೆ ಸೊಸೆಯಾಗಿ ಬಂದದ್ದು ಯುದ್ಧದ ಕಾಲದಲ್ಲಿ, ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದಾಗ. ಬಂದ ವರ್ಷವೇ ಬಸುರಾದೆ. ನೀರು ಕುಡಿದರೂ ವಾಂತಿ. ನಮ್ಮತ್ತೆ ತಮ್ಮ ಎಲೆಅಡಿಕೆ ಸಂಚಿಯಿಂದ ಒಂದು ಚಿಟಿಕೆ ಕಡ್ಡಿಪುಡಿ ತೆಗೆದು, ವೀಳ್ಯದೆಲೆಯಲ್ಲಿ ಮಡಿಸಿ ನನ್ನ ಬಾಯಿಗಿಟ್ಟರು. ತಲೆ ಗಿರ್ರೆಂದಿತು, ಆದರೆ ವಾಂತಿ ನಿಂತಂತಾಯಿತು. ಆಗ ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಅದೇ ಮದ್ದು. ತಿಂಗಳೊಪ್ಪತ್ತಿನಲ್ಲಿ ಮದ್ದು ಹೋಗಿ ಚಟ ಉಳಿಯಿತು.

ನಾನೇ ಅಜ್ಜಿಯ ಜಗಲಿಗೆ ಹೋಗಿ ತರತೊಡಗಿದೆ. ಅವಳ ಬಾಯಿ ಹರಿತ. ಸೊಪ್ಪು ಕಮ್ಮಿಯಾಯಿತು ಎಂದವರಿಗೆ, "ಅಗ್ದು ಉಗಿಯಾ ಪದಾರ್ಥಕ್ಕೆ ತಕ್ಕಡಿ ಬೇರೆ ಬೇಕೇನ್ಲಾ?" ಎನ್ನುವಳು. ನನ್ನನ್ನು ಕಂಡರೆ ಮಾತ್ರ "ಬಾ ಕಣಮ್ಮಿ, ಕೂತ್ಕೊ" ಎಂದು ಸರಿದು ಜಾಗ ಬಿಡುವಳು. ತವರು ಬಿಟ್ಟು ಬಂದ ಹುಡುಗಿಗೆ ಅಷ್ಟು ಸಾಕಾಗಿತ್ತು. ಬಸುರೆಂದು ನಾನಾಗಿ ಹೇಳಿರಲಿಲ್ಲ, ನಾಚಿಕೆ.

ಹೊಟ್ಟೆ ಸೆರಗಿಗೂ ಮೀರಿ ಕಾಣತೊಡಗಿದ ಮೇಲೆ ಒಂದು ಬೆಳಿಗ್ಗೆ ಹೋದೆ. ಅಜ್ಜಿ ನನ್ನ ಹೊಟ್ಟೆ ನೋಡಿದವಳೇ ತೆರೆದಿದ್ದ ಡಬ್ಬದ ಮುಚ್ಚಳ ಹಾಕಿದಳು.

"ಇನ್ಮ್ಯಾಲೆ ನಿಂಗೆ ಕೊಡಾಕಿಲ್ಲ. ಓಗು."

"ಬಯಕೆ ಕಣಜ್ಜಿ," ಎಂದೆ. ಬಸುರಿಯ ಬಯಕೆಗೆ ಇಲ್ಲವೆಂದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ನಂಬಿದ ಮಾತು. ಹಗೆಯವರು ಕೂಡ ಬಸುರಿ ಕೇಳಿದ್ದನ್ನು ಇಲ್ಲವೆನ್ನರು.

"ಕಿವಿ ಸೋರುದ್ರೆ ಸೋರ್ಲಿ. ಉಸುರು ಕಟ್ಟಬಾರ್ದು," ಎಂದಳು ಅಜ್ಜಿ.

ಅಳುತ್ತ ಮನೆಗೆ ಬಂದೆ. ಅತ್ತೆಗೆ ಎಲ್ಲಿಲ್ಲದ ಕೋಪ. ನನ್ನ ಕೈ ಹಿಡಿದು ಎಳೆದುಕೊಂಡೇ ಜಗಲಿಗೆ ಹೋದರು. "ಏನಮ್ಮೋ, ಬಸುರಿ ಬಾಯಿಗೆ ಇಲ್ಲ ಅಂದ್ಯಂತೆ! ನಮ್ಮನೆ ಮೊದಲ್ನೇ ಮಗೀಗೆ ಕೇಡು ಬಯಸೀಯಾ? ಒಂದು ಚಿಟ್ಕೆ ಕೊಡಾಕೆ ಏನು ದಾಡಿ ನಿಂಗೆ?" ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅಜ್ಜಿ ಒಳಗಿದ್ದ ಮೊಮ್ಮಗಳನ್ನು ಕರೆದಳು. ಐದಾರು ವರ್ಷದ, ಕಡ್ಡಿಯಂಥ ಹುಡುಗಿ. ಅಜ್ಜಿಯ ಮಗಳು ಹೆರಿಗೆಗೆ ತವರಿಗೆ ಬಂದಾಗ ಹುಟ್ಟಿ ಇಲ್ಲೇ ಉಳಿದವಳು. ಅವಳ ಬೆನ್ನನ್ನು ಅತ್ತೆಯ ಕಡೆ ತಿರುಗಿಸಿ, "ಕಿವಿ ಇಟ್ಟು ಕೇಳವ್ವ," ಎಂದಳು.

ಅತ್ತೆ ಒಲ್ಲದ ಮನಸ್ಸಿನಿಂದಲೇ ಬಗ್ಗಿದರು. ಸ್ವಲ್ಪ ಹೊತ್ತಿಗೆ ನನ್ನನ್ನೂ ಎಳೆದು ಕೇಳಿಸಿದರು. ಆ ಪುಟ್ಟ ಬೆನ್ನಿನೊಳಗೆ ಬೆಕ್ಕು ಗುರುಗುಟ್ಟಿದಂಥ ಸದ್ದು, ನಡುವೆ ಸಣ್ಣ ಸಿಳ್ಳು.

"ಇವಳವ್ವ ಬಸುರೀಲಿ ಕೇಳ್ದಾಗೆಲ್ಲ ಈ ಡಬ್ಬದಲ್ಲೇ ತಗ್ದು ಕೊಟ್ಟೆ, ಬಯಕೆ ಅಂತ," ಎಂದಳು ಅಜ್ಜಿ. "ಕಿವಿಯೇನೋ ಸೋರ್ನಿಲ್ಲ. ಕೂಸು ಇಲಿಮರಿ ಅಂಗೆ ಉಟ್ತು. ಅವತ್ತಿಂದ ಉಸುರಾಟ ಇಂಗೇ ಅದೆ."

"ಅದ್ರಿಂದ್ಲೇ ಇಂಗಾಯ್ತು ಅಂತ ಯಾರ್ ಯೋಳುದ್ರು?" ಅತ್ತೆಯ ದನಿ ತಗ್ಗಿತ್ತು.

"ಆಸ್ಪತ್ರೆ ದಾದಿ ಅನುಮಾನ ಪಟ್ಲು. ದಿಟವೋ ಸುಳ್ಳೋ ಕಾಣೆ ಕಣವ್ವ. ಅದ್ನ ಇನ್ನೊಂದು ಮಗೀನ್ ಮೇಲೆ ಮಾಡಿ ನೋಡಾಕೆ ನನ್ ಕೈಲಾಗಾಕಿಲ್ಲ."

ಅತ್ತೆ ಮನೆಗೆ ಬಂದು, ಸಂಚಿಯನ್ನು ನನಗೆ ಎಟುಕದಂತೆ ಅಟ್ಟಕ್ಕೆ ಹಾಕಿದರು.

ಬಿಡುವುದು ಸುಲಭವಿರಲಿಲ್ಲ. ತಲೆ ಸಿಡಿಯುತ್ತಿತ್ತು, ಸುಮ್ಮಸುಮ್ಮನೆ ಅಳು, ಗಂಡನ ಮೇಲೆ ಹರಿಹಾಯುತ್ತಿದ್ದೆ. ಒಮ್ಮೆ ತಡೆಯಲಾರದೆ ಸಂತೆಯಲ್ಲಿ ಹೊಗೆಸೊಪ್ಪು ಮಾರುವ ಸಾಬರ ಮುಂದೆ ನಿಂತೆ. ಅವರು ನಕ್ಕು, "ನಿಮ್ಮಜ್ಜಿ ಆಗ್ಲೇ ಬಂದು ಬೈದೋಗವ್ರೆ ತಾಯಿ. ನಿಮ್ಗೆ ಕೊಟ್ರೆ ನನ್ ಗಡ್ಡ ಉಳಿಯಾಕಿಲ್ಲ," ಎಂದರು. ಅಜ್ಜಿಯೇನು ಸನ್ಯಾಸಿನಿಯಲ್ಲ, ಊರ ಗಂಡಸರಿಗೆಲ್ಲ ಮಾರುತ್ತಲೇ ಇದ್ದಳು, ತಾನೂ ಅಗಿಯುತ್ತಿದ್ದಳು. ಡಬ್ಬ ಮುಚ್ಚಿದ್ದು ಬಸುರಿಯರಿಗೆ ಮಾತ್ರ. ನಾನು ಹೋದಾಗಲೆಲ್ಲ ಹುಣಸೆಹಣ್ಣಿಗೆ ಉಪ್ಪು ಜೀರಿಗೆ ಹಾಕಿ ಕುಟ್ಟಿದ ಉಂಡೆ ಕೊಡುವಳು, ಅದೂ ಹೊಗೆಸೊಪ್ಪಿನ ಘಾಟು ಹತ್ತದ ಎಡಗೈಯಲ್ಲಿ. "ತಪ್ಪು ತಿಳೀಬ್ಯಾಡ ಕಣಮ್ಮಿ, ಬಲಗೈ ಗಾಟು. ಇದ್ನ ಚೀಪ್ತಿರು, ಬಾಯಿಗೊಂದು ಕ್ಯಾಮೆ ಇರ್ಲಿ." ಆ ಉಂಡೆಗಳಿಲ್ಲದಿದ್ದರೆ ನಾನು ಗೆಲ್ಲುತ್ತಿರಲಿಲ್ಲ.

ಮಗಳು ಹುಟ್ಟಿದಳು. ಅಜ್ಜಿ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಬಂದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಗುವಿನ ಬೆನ್ನಿಗೆ ಕಿವಿ ಇಟ್ಟಳು. ಅತ್ತೆ ಕಣ್ಣು ಮುಚ್ಚಿಕೊಂಡು ದೇವರನ್ನು ನೆನೆಯುತ್ತಿದ್ದರು.

"ಗಾಳಿ ಬತ್ತಾ ಅದೆ, ಓಯ್ತಾ ಅದೆ. ಇನ್ನೇನೂ ಇಲ್ಲ ಕಣಮ್ಮಿ," ಎಂದಳು. ಅವಳ ಕಣ್ಣು ತುಂಬಿತ್ತು.

ತಮಾಷೆ ಕೇಳಿ: ಹಲ್ಲು ಬರುವ ಹೊತ್ತಿಗೆ ಮಗಳ ಕಿವಿ ಸೋರಿತು! "ನಾ ಯೋಳ್ನಿಲ್ವಾ?" ಎಂದು ಅತ್ತೆ ಜಗಲಿಯ ತನಕ ಹೋಗಿ ಹೇಳಿ ಬಂದರು. "ಸೋರ್ಲಿ ಬುಡವ್ವ, ಒರಸು," ಎಂದು ಅಜ್ಜಿ ನಕ್ಕಳಂತೆ. ಆಸ್ಪತ್ರೆಯ ಔಷಧಿಗೆ ವಾಸಿಯಾಯಿತು.

ಸ್ವಾತಂತ್ರ್ಯ ಬಂದ ವರ್ಷದ ಚಳಿಯಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಮಗಳನ್ನು ಕರೆದುಕೊಂಡು ಹೋದೆ. "ಬಸ್ಸು ನಿಂತಿರಾ ಗಂಟ ಓಡಿ ಬಾ ಮಗ, ನೋಡಾನ," ಎಂದಳು. ಮಗಳು ಓಡಿದಳು. ಬೆಳೆಯುತ್ತಾ ಉಬ್ಬಸ ಎಷ್ಟೋ ಕಡಿಮೆಯಾಗಿದ್ದ ಮೊಮ್ಮಗಳೂ ಲಂಗ ಎತ್ತಿಕೊಂಡು ಹಿಂದೆಯೇ ಓಡಿದಳು. ಇಬ್ಬರೂ ನಗುತ್ತ ತಿರುಗಿ ಬಂದರು. ಅಜ್ಜಿ ನನ್ನ ಮಗಳ ಬೆನ್ನಿಗೆ ಕಿವಿ ಇಟ್ಟು ಕೇಳಿದಳು. ಆಮೇಲೆ ಬಲಗೈಯನ್ನು ಸೆರಗಿನಲ್ಲೇ ಮುಚ್ಚಿಟ್ಟುಕೊಂಡು ತಲೆ ಸವರಲು ಎಡಗೈ ಚಾಚಿದಳು. ನಾನು ಅವಳ ಬಲಗೈಯನ್ನು ಸೆರಗಿನಿಂದ ಬಿಡಿಸಿ ಮಗಳ ತಲೆಯ ಮೇಲಿಟ್ಟೆ.

"ಗಾಟು ಕಣಮ್ಮಿ," ಎಂದಳು.

"ಇರ್ಲಿ ಬುಡಜ್ಜಿ," ಎಂದೆ.

ಆ ವಾರವೇ ಹೋಗಿಬಿಟ್ಟಳು. ಇಂದಿಗೂ ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ನಾನು ಮುಖ ನೋಡುವುದಕ್ಕೂ ಮೊದಲು ಬೆನ್ನಿಗೆ ಕಿವಿ ಇಡುತ್ತೇನೆ. ಗಾಳಿ ಬರುತ್ತದೆ, ಹೋಗುತ್ತದೆ. ಅಂದು ಡಬ್ಬದ ಮುಚ್ಚಳ ಹಾಕಿದ ಆ ಕಂದು ಬೆರಳುಗಳ ಋಣ ನನ್ನ ಮೇಲಿದೆ.