ಮುನ್ನೂರ ಹನ್ನೆರಡು ತಪ್ಪುಗಳು

ನಮ್ಮ ಆಫೀಸಿನಲ್ಲಿ ಅವರನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದೆವು. ಹಾಗೆ ಕರೆಯುವ ನಿಜವಾದ ಹಕ್ಕು ಇದ್ದದ್ದು ಒಬ್ಬನಿಗೆ, ಅವರ ಹೆಂಡತಿಯ ತಮ್ಮನಿಗೆ. ಅವನೂ ನಮ್ಮಲ್ಲೇ ಕೆಲಸಕ್ಕಿದ್ದ. ಕೋಣೆಯ ಆ ತುದಿಯಿಂದ ಈ ತುದಿಗೆ ಕೇಳುವಂತೆ "ಭಾವಾ" ಎಂದು ಕೂಗುತ್ತಿದ್ದ. ಕೇಳಿ ಕೇಳಿ ಮ್ಯಾನೇಜರ್ ಬಾಯಲ್ಲೂ ಅದೇ ನಿಂತಿತು. ನಾಲ್ಕು ವರ್ಷದ ಹಿಂದೆ ಸ್ಕೂಟರ್ ಅಪಘಾತದಲ್ಲಿ ಅವನು ಹೋದ, ಕರೆಯುವ ರೂಢಿ ಮಾತ್ರ ನಮಗೆಲ್ಲ ಹಾಗೇ ಉಳಿಯಿತು.

ನಾನು ಅವರ ಪಕ್ಕದ ಮೇಜಿನವಳು, ಟೆಸ್ಟರ್. ಬೇರೆಯವರು ಬರೆದ ಕೋಡ್ ಎಲ್ಲಿ ಕೆಟ್ಟಿದೆ ಎಂದು ಹೇಳಿ ಬೈಸಿಕೊಳ್ಳುವುದು ನನ್ನ ಕಸುಬು. ನಮ್ಮದು ದೊಡ್ಡ ಕಂಪನಿಯೇನಲ್ಲ. ಔಷಧಿ ಅಂಗಡಿಯ ಮಹಡಿ ಮೇಲೆ ಹದಿಮೂರು ಜನ, ಎರಡು ಫ್ಯಾನು, ಕೆಟ್ಟು ಕೂತ ಒಂದು ಪ್ರಿಂಟರ್. ಒಂದು ಆಸ್ಪತ್ರೆಗೆ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆವು. ಡಯಾಲಿಸಿಸ್‌ಗೆ ಯಾರು ಯಾವ ದಿನ, ಎಷ್ಟು ಗಂಟೆಗೆ ಬರಬೇಕು ಎನ್ನುವುದೆಲ್ಲ ಅದರಲ್ಲೇ ಬುಕ್ ಆಗುತ್ತಿತ್ತು. ಆ ಬುಕಿಂಗ್ ಫೈಲನ್ನು ಪೂರ್ತಿ ಬರೆದವನು ಭಾಮೈದ. ಅವನು ಹೋದ ಮೇಲೆ ಭಾವ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ, ತಾವೂ ಮುಟ್ಟಲಿಲ್ಲ.

"ಅವನು ಬರೆದಿದ್ದು ಇವತ್ತಿಗೂ ಓಡ್ತಾ ಇದೆ ಅಂದ್ರೆ ನಮ್ಮವಳಿಗೆ ಅದೊಂದು ಸಮಾಧಾನ ಕಣಮ್ಮ" ಎಂದು ನನ್ನ ಬಳಿ ಒಮ್ಮೆ ಹೇಳಿದ್ದರು.

ಈ ವರ್ಷ ಮ್ಯಾನೇಜರ್ ಹೊಸದೊಂದು ಟೂಲ್ ತಂದರು. ಕೋಡನ್ನು ಅದೇ ಓದಿ, ಅದೇ ತಪ್ಪು ಹೆಕ್ಕಿ ತೆಗೆಯುತ್ತದೆ. ನಮ್ಮ ಕಣ್ಣು ತಪ್ಪಿಸಿಕೊಂಡದ್ದು ಅದರ ಕಣ್ಣಿಗೆ ಬೀಳುತ್ತದೆ ಎಂದರು, ಸುಳ್ಳೇನಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಗೋಡೆಗೊಂದು ಟಿವಿ ಹಾಕಿಸಿ, ಯಾರದ್ದು ಎಷ್ಟು ತಪ್ಪು ಎಂದು ಹೆಸರು ಸಮೇತ ತೋರಿಸಿದರು. ಒಂದು ಸಾಲನ್ನು ಕೊನೆಗೆ ಮುಟ್ಟಿದವರು ಯಾರೋ ಆ ಸಾಲು ಅವರ ಹೆಸರಿಗೆ. ಮೊದಲ ದಿನ ಬೆಳಿಗ್ಗೆ ಪಟ್ಟಿಯ ಮೇಲ್ತುದಿಯಲ್ಲಿ ಕೆಂಪಕ್ಷರದಲ್ಲಿ ಭಾಮೈದನ ಹೆಸರು, ಅದರ ಮುಂದೆ ಮುನ್ನೂರ ಹನ್ನೆರಡು.

"ಹೋದ ಮೇಲೂ ಫಸ್ಟ್ ರ‍್ಯಾಂಕ್ ಬಿಟ್ಟುಕೊಟ್ಟಿಲ್ಲ ನೋಡಿ" ಎಂದು ನಾಲಿಗೆ ಹರಿಬಿಟ್ಟವಳು ನಾನೇ. ಎಲ್ಲರೂ ನಕ್ಕರು. ಭಾವ ನಗಲಿಲ್ಲ, ಬೈಯಲೂ ಇಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕೂತರು. ಸಂಜೆ ಕ್ಷಮೆ ಕೇಳೋಣ ಎಂದುಕೊಂಡೆ, ಕೇಳಲಿಲ್ಲ.

ಮರುದಿನ ಆ ಹೆಸರು ಪಟ್ಟಿಯಲ್ಲಿರಲಿಲ್ಲ. ಮುನ್ನೂರು ಚಿಲ್ಲರೆ ತಪ್ಪನ್ನು ಒಂದು ದಿನದಲ್ಲಿ ತಿದ್ದುವುದು ಯಾರ ಕೈಲೂ ಆಗದ ಮಾತು. ಫೈಲ್ ತೆರೆದು ನೋಡಿದೆ. ಅದರ ಮೇಲ್ತುದಿಯಲ್ಲಿ ಭಾವ ಒಂದೇ ಒಂದು ಸಾಲು ಸೇರಿಸಿದ್ದರು. ಈ ಫೈಲನ್ನು ಓದಬೇಡ ಎಂದು ಟೂಲ್‌ಗೆ ಹೇಳುವ ಸಾಲು. ಅವಸರದಲ್ಲಿ ಒಂದೆರಡು ಕಡೆ ನಾವೆಲ್ಲರೂ ಹಾಗೆ ಮಾಡಿ ಜಾರಿಕೊಳ್ಳುವುದಿತ್ತು, ಆದರೆ ಇಡೀ ಫೈಲಿಗೇ ಯಾರೂ ಮುಸುಕು ಹಾಕಿರಲಿಲ್ಲ. ಇದನ್ನು ಮ್ಯಾನೇಜರ್‌ಗೆ ತಿಳಿಸುವುದು ನನ್ನ ಕೆಲಸವಾಗಿತ್ತು. ಹಿಂದಿನ ದಿನ ಬೇಡದ್ದನ್ನು ಆಡಿದ ಬಾಯಿಗೆ ಅವತ್ತು ಬೀಗ ಬಿತ್ತು.

ಎರಡು ತಿಂಗಳಾದ ಮೇಲೆ ಆಸ್ಪತ್ರೆಯವರು ಫೋನ್ ನಂಬರ್ ಇಲ್ಲದೆ ಯಾರ ವಿವರವನ್ನೂ ಸೇರಿಸಕೂಡದು ಎಂದರು. ನಾವು ಡೇಟಾಬೇಸ್‌ನಲ್ಲಿ ಅದನ್ನು ಕಡ್ಡಾಯ ಮಾಡಿದೆವು. ಒಬ್ಬ ಅಜ್ಜಿಗೆ ಫೋನೇ ಇರಲಿಲ್ಲ. ಕೌಂಟರಿನವರು ಆ ಜಾಗ ಖಾಲಿ ಬಿಟ್ಟು ಬುಕ್ ಮಾಡಿದರು. ಡೇಟಾಬೇಸ್ ಆ ವಿವರವನ್ನು ಸೇರಿಸಿಕೊಳ್ಳಲಿಲ್ಲ. ಸೇರಿಲ್ಲ ಎಂದು ಹೇಳಬೇಕಾಗಿದ್ದ ಭಾಮೈದನ ಕೋಡ್ ಅದನ್ನು ನುಂಗಿಕೊಂಡು, ಪರದೆಯ ಮೇಲೆ "ಬುಕಿಂಗ್ ಆಗಿದೆ" ಎಂದು ತೋರಿಸಿತು. ಹೇಳಿದ ದಿನ ಅಜ್ಜಿ ಬಂದರು. ಹೆಸರಿಲ್ಲ, ಹಾಸಿಗೆ ಖಾಲಿ ಇಲ್ಲ. ಎರಡು ದಿನ ಬಿಟ್ಟು ಬನ್ನಿ ಎಂದು ಮತ್ತೆ ಬುಕ್ ಮಾಡಿದರು. ಆಗಲೂ ಅದೇ ಕಥೆ. ಮನೆಗೆ ಹಿಂದಿರುಗಿದ ಮರುದಿನ ಅಜ್ಜಿ ತೀರಿಕೊಂಡರು. ಡಯಾಲಿಸಿಸ್ ತಪ್ಪಿದ್ದೇ ಕಾರಣ ಎಂದು ಯಾರೂ ಬರೆದುಕೊಡಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಸುದ್ದಿ ಬಂದ ದಿನವೇ ಫೋನ್ ನಂಬರಿನ ನಿಯಮ ಸಡಿಲಿಸಿ, ಎಲ್ಲರನ್ನೂ ಮೀಟಿಂಗಿಗೆ ಕರೆದರು.

"ಇದನ್ನ ಬರೆದಿದ್ದು ಯಾರು ಅನ್ನೋದು ಗೊತ್ತಿರೋದೇ" ಎಂದು ಮ್ಯಾನೇಜರ್ ಶುರು ಮಾಡಿದರು.

"ಬರೆದವನನ್ನ ಬಿಡಿ ಸರ್" ಎಂದರು ಭಾವ. "ಟೂಲ್ ಮೊದಲನೇ ದಿನಾನೇ ಇದನ್ನ ಹಿಡಿದಿತ್ತು. ನೋಡಬೇಡ ಅಂದವನು ನಾನು. ಪಟ್ಟೀನ ಬಿಡಿಸಿಯೂ ನೋಡಲಿಲ್ಲ. ಅವನ ಹೆಸರು ಗೋಡೆ ಮೇಲೆ ಹಾಗಿರೋದನ್ನ ನೋಡೋಕಾಗಲಿಲ್ಲ, ಅಷ್ಟೆ."

ನನಗೂ ಗೊತ್ತಿತ್ತು ಎನ್ನಬೇಕಿತ್ತು, ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಾ ಕೂತೆ. ಇಂಥ ಹೇಡಿ ನಾನು ಎಂದು ಅವತ್ತಿನವರೆಗೆ ತಿಳಿದಿರಲಿಲ್ಲ.

"ಮುಸುಕು ತೆಗೀರಿ. ಒಂದೂ ಬಿಡದೆ ನೀವೇ ತಿದ್ದಿ" ಎಂದರು ಮ್ಯಾನೇಜರ್. "ಸೊನ್ನೆ ಆಗಲಿ. ಆಮೇಲೆ ನಿಮ್ಮ ವಿಷಯ ಮಾತಾಡೋಣ."

ಮೂರು ವಾರ ಹಿಡಿಯಿತು. ಹೆಚ್ಚಿನವು ಕ್ಷುಲ್ಲಕ ತಪ್ಪುಗಳು. ಒಂದೇ ಮಾತನ್ನು ಎರಡು ಕಡೆ ಬರೆದದ್ದು, ಬಳಸದ ಹೆಸರು ಇಟ್ಟುಕೊಂಡದ್ದು, ಸಾಲುಗಳ ಅಂಚು ಕೂಡದ್ದು. ಅಂಚು ಸರಿಮಾಡಲು ಸರಿಯಿದ್ದ ಸಾಲುಗಳನ್ನೂ ಮುಟ್ಟಲೇಬೇಕು. ಮುಟ್ಟಿದ ಪ್ರತಿ ಸಾಲಿನಿಂದ ಭಾಮೈದನ ಹೆಸರು ಹೋಗಿ ಭಾವನ ಹೆಸರು ಬಂದು ಕೂರುತ್ತಿತ್ತು. ಟಿಫಿನ್ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಮನೆಗೆ ಹೋಗುತ್ತಿತ್ತು.

"ಮನೇಲಿ ಹೇಳಿದ್ದೀರಾ ಭಾವ?" ಎಂದು ಕೇಳಿದೆ.

"ಏನಂತ ಹೇಳ್ಲಿ? ನಿನ್ನ ತಮ್ಮನ್ನ ದಿನಕ್ಕೆ ಹದಿನೈದು ಸಾಲಿನ ಹಾಗೆ ಅಳಿಸ್ತಾ ಇದ್ದೀನಿ ಅಂತಲಾ?"

ಮೂರನೆಯ ವಾರದ ಶುಕ್ರವಾರ ಮಧ್ಯಾಹ್ನ ಪಟ್ಟಿಯಲ್ಲಿ ಒಂದೇ ಉಳಿದಿತ್ತು, ಫೈಲಿನ ಕಟ್ಟಕಡೆಯ ಸಾಲು. ಅದು ಕೋಡ್ ಅಲ್ಲ, ಬರೆಯುವವರು ತಮ್ಮ ನೆನಪಿಗೆಂದು ಹಾಕಿಕೊಳ್ಳುವ ಟಿಪ್ಪಣಿ. ಬಾಕಿ ಕೆಲಸದ ಟಿಪ್ಪಣಿ ಹಾಗೇ ಉಳಿದರೆ ಅದನ್ನೂ ಟೂಲ್ ತಪ್ಪೆಂದೇ ಎಣಿಸುತ್ತದೆ. ಭಾವ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಭಾಮೈದ ಬರೆದಿಟ್ಟದ್ದು ಹೀಗಿತ್ತು:

"ವಿವರ ಸೇರಿಸುವಾಗ ಎಡವಟ್ಟಾದರೆ ಏನು ಮಾಡೋದು ಅಂತ ಇನ್ನೂ ಬರೆದಿಲ್ಲ. ಸೋಮವಾರ ಭಾವನ ಹತ್ರ ಕೇಳಬೇಕು."

ಅದರ ದಿನಾಂಕ ಶನಿವಾರದ್ದು. ಸ್ಕೂಟರ್ ಬಿದ್ದದ್ದು ಮರುದಿನ.

"ಟೂಲ್ ಬಂದ ಅವತ್ತೇ ಪಟ್ಟಿ ಬಿಡಿಸಿದ್ರೆ ಇದೂ ಕಾಣ್ತಿತ್ತು, ಅಲ್ವಾ?" ಎಂದರು ಭಾವ.

"ಕಾಣ್ತಿತ್ತು" ಎಂದೆ. ಆ ಒಂದು ಸಲವಾದರೂ ಸುಳ್ಳು ಹೇಳಬಹುದಿತ್ತು.

ಅವರು ಆ ಸಾಲನ್ನು ಅಳಿಸಿದರು. ಗೋಡೆಯ ಟಿವಿ ಸೊನ್ನೆ ತೋರಿಸಿತು, ಮ್ಯಾನೇಜರ್ ಬಂದು ನೋಡಿ ಹೋದರು. ಭಾವ ಎದ್ದು ಹೊರಗೆ ಮೆಟ್ಟಿಲ ಬಳಿ ನಿಂತು ಹೆಂಡತಿಗೆ ಫೋನ್ ಮಾಡಿದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಒಳಗಿದ್ದ ನಮಗೆಲ್ಲ ಕೇಳಿಸಿತು.

"ಅವನು ನನ್ನನ್ನ ಕೇಳಿದ್ದ ಕಣೇ" ಎನ್ನುತ್ತಿದ್ದರು. "ಕೇಳಿ ನಾಲ್ಕು ವರ್ಷ ಆಗಿತ್ತು. ನಾನೇ ನೋಡಲಿಲ್ಲ."